ದಂಡಿನ ವೆಚ್ಚಕ್ಕೆ ತೆತ್ತ ಸೀಮೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸೀಮೆಗೆ ಹಿಂದೆ ದತ್ತಮಂಡಲವೆಂಬ ಹೆಸರಿದ್ದುದನ್ನು ಹಿರಿಯರು ಬಲ್ಲರು. ದತ್ತವೆಂದರೆ ಕೊಟ್ಟದ್ದು. ಕೊಟ್ಟವನು ಹೈದರಾಬಾದಿನ ನಿಜಾಮ, ಪಡೆದವರು ಕುಂಪಣಿಯವರು. ತನ್ನ ರಕ್ಷಣೆಗೆಂದು ಕುಂಪಣಿಯ ದಂಡನ್ನು ರಾಜ್ಯದೊಳಗೆ ಇರಿಸಿಕೊಂಡ ನಿಜಾಮನು, 1792ರಲ್ಲಿಯೂ 1799ರಲ್ಲಿಯೂ ಮೈಸೂರಿನಿಂದ ತನಗೆ ಬಂದಿದ್ದ ಸೀಮೆಯನ್ನು ಆ ದಂಡಿನ ವೆಚ್ಚಕ್ಕಾಗಿ 1800ರ ಅಕ್ಟೋಬರಿನಲ್ಲಿ ಬರೆದುಕೊಟ್ಟನು. ತುಂಗಭದ್ರೆಯೇ ಗಡಿಯಾಯಿತು. ಸಿರುಗುಪ್ಪದ ಒಕ್ಕಲಿಗೆ ಹೊಳೆಯ ಆಚೆಯ ದಡ ನಿಜಾಮನದು, ಈಚೆಯದು ಕುಂಪಣಿಯದು. ನಿನಗೆ ಯಾವುದು ಬೇಕೆಂದು ಅವನನ್ನು ಯಾರೂ ಕೇಳಲಿಲ್ಲ. ಸಹಾಯಕ್ಕೆಂದು ಬಂದ ದಂಡು ಹಿಂದಿರುಗಲೂ ಇಲ್ಲ.

ಇಂಥದಕ್ಕೆ ಕಡಿವಾಣವೇ ಇರಲಿಲ್ಲವೆನ್ನಲಾಗದು. ಗಡಿಯಾಚೆಯ ದಂಡಯಾತ್ರೆಗೆ ಹಿಂದೂಸ್ಥಾನದ ಬೊಕ್ಕಸದ ಹಣವನ್ನು ಪಾರ್ಲಿಮೆಂಟಿನ ಎರಡೂ ಸಭೆಗಳ ಒಪ್ಪಿಗೆಯಿಲ್ಲದೆ ವ್ಯಯಮಾಡಕೂಡದೆಂದು 1858ರ ಕಾಯಿದೆ ವಿಧಿಸಿತ್ತು; ಶತ್ರುವು ಮೇಲೆ ಬಿದ್ದ ಸಮಯ ಹಾಗೂ ಹಠಾತ್ತನೆ ಒದಗಿದ ಬೇರೆ ತುರ್ತು ಸಮಯ ಇದಕ್ಕೆ ಹೊರತು. ನಿಯಮವೇನೋ ಒಳ್ಳೆಯದೇ. ಆದರೆ 1878ರ ಆಫ್ಗನ್ ಯುದ್ಧವು ಮೊದಲಾದದ್ದು ನವೆಂಬರಿನಲ್ಲಿ, ಒಪ್ಪಿಗೆ ದೊರೆತದ್ದು ಡಿಸೆಂಬರಿನಲ್ಲಿ. ತಾಳಿ ಕಟ್ಟಿಸಿದ ಮೇಲೆ ಹುಡುಗಿಗೆ ಒಪ್ಪಿಗೆಯೇ ಎಂದು ಕೇಳಿದಂತೆ! ಆಗತಾನೆ ಎರಡು ವರ್ಷದ ಘೋರ ಕ್ಷಾಮದಲ್ಲಿ ಬೆಂದ ಬಳ್ಳಾರಿಯ ಕಂದಾಯವೂ ಸೇರಿದ್ದ ಬೊಕ್ಕಸವೇ ಕಾಬೂಲಿನ ಖರ್ಚಿನ ಬಹುಭಾಗವನ್ನು ಹೊತ್ತಿತು. 1939ರ ಸೆಪ್ಟೆಂಬರ್ 3ರಂದಂತೂ ವೈಸರಾಯರು ಇಲ್ಲಿಯ ಶಾಸನಸಭೆಯನ್ನು ಒಂದು ಮಾತೂ ಕೇಳದೆ ದೇಶವನ್ನು ಯುದ್ಧಕ್ಕೆ ನೂಕಿದರು.

ಈಗ ರಾಜ್ಯವು ನಮ್ಮದು. ಆದರೂ ಯುದ್ಧ ಹೂಡುವ ಮೊದಲು ಸಂಸತ್ತಿನ ಮತ ಪಡೆಯತಕ್ಕದ್ದೆಂಬ ವಿಧಿ ನಮ್ಮ ಸಂವಿಧಾನದಲ್ಲಿಲ್ಲ. ತುರ್ತುಪರಿಸ್ಥಿತಿಯ ಘೋಷಣೆಗೆ ತಿಂಗಳೊಳಗೆ ಉಭಯ ಸದನಗಳ ಅನುಮೋದನೆ ಬೇಕೆಂದಿದೆ, ಅಷ್ಟೆ. 1987ರಲ್ಲಿ ಶಾಂತಿಪಾಲನೆಗೆಂದು ಶ್ರೀಲಂಕೆಗೆ ಹೋದ ನಮ್ಮ ದಂಡು ಕಾದಾಟದಲ್ಲಿ ಸಿಕ್ಕಿ 1990ರ ಮಾರ್ಚಿನವರೆಗೆ ಅಲ್ಲಿಯೇ ಉಳಿಯಿತು. ಸುಮಾರು 1,200 ಮಂದಿ ಯೋಧರು ಮಡಿದರು. ಅವರ ಶೌರ್ಯದ ಮಾತು ಬೇರೆ, ಅವರನ್ನು ಕಳುಹಿಸಿದ ರೀತಿಯ ಮಾತು ಬೇರೆ.

ಹಗೆಯು ಬಾಗಿಲಿಗೆ ಬಂದಾಗ ಸಭೆ ಕೂಡಿಸುತ್ತ ಕುಳಿತಿರಬೇಕೆ ಎನ್ನುವವರುಂಟು. ಆ ಹೊರತನ್ನು 1858ರವರೇ ಇಟ್ಟಿದ್ದರು, ನಾವೂ ಇಟ್ಟುಕೊಳ್ಳೋಣ. ಉಳಿದಂತೆ, ಪರದೇಶಕ್ಕೆ ದಂಡು ಹೊರಡುವ ಮುನ್ನವೇ ಸಂಸತ್ತು ಮತವೀಯಲಿ, ಅವಧಿಯನ್ನೂ ವೆಚ್ಚವನ್ನೂ ಗೊತ್ತುಮಾಡಲಿ. ಅವಧಿ ತೀರಿದ ಮೇಲೆ ಮತ್ತೆ ಒಪ್ಪಿಗೆ ಪಡೆಯದೆ ದಂಡು ಅಲ್ಲಿ ನಿಲ್ಲದಿರಲಿ. ಲೋಕಸಭೆಗೆ ಓಟು ಬೇಡುತ್ತ ಕುರುಗೋಡಿನ ಬೀದಿಗೆ ಬರುವ ಅಭ್ಯರ್ಥಿಗಳನ್ನು ಅಲ್ಲಿಯ ಗೃಹಸ್ಥರೂ ಗೃಹಿಣಿಯರೂ ನೀರು, ರಸ್ತೆಗಳ ಜೊತೆಗೆ ಇದನ್ನೂ ಕೇಳಬೇಕು.