ಸೋಲು ಯಾರದು?

ನಮ್ಮೂರುಗಳಲ್ಲಿ ಬೇಸ್‌ಬಾಲ್ ಆಡುವವರಿಲ್ಲ. ಆದರೂ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ‘ಸ್ಪೈಡರ್ಸ್’ ತಂಡದ ಕಥೆ ನಾವು ಅರಿಯತಕ್ಕದ್ದು. 1898ರಲ್ಲಿ 81 ಪಂದ್ಯಗಳನ್ನು ಗೆದ್ದಿದ್ದ ಈ ತಂಡ, 1899ರಲ್ಲಿ ಗೆದ್ದದ್ದು ಕೇವಲ 20, ಸೋತದ್ದು 134. ಕಾರಣವೇನು? ತಂಡದ ಒಡೆಯರಾದ ರಾಬಿಸನ್ ಸೋದರರು ಸೇಂಟ್ ಲೂಯಿಸ್ ತಂಡವನ್ನೂ ಕೊಂಡು, ಸೈ ಯಂಗ್ ಮೊದಲಾದ ಪ್ರಮುಖ ಆಟಗಾರರನ್ನು ಅಲ್ಲಿಗೆ ಸಾಗಿಸಿದ್ದರು. ಪ್ರೇಕ್ಷಕರು ದೂರವಾದರು, ಅಳಿದುಳಿದ ಆಟಗಾರರು ಪರಸ್ಥಳಗಳಲ್ಲಿ ಅಲೆಯುತ್ತ ಆಡಿದರು. ಋತು ಮುಗಿದ ಬಳಿಕ ಲೀಗ್ 12 ತಂಡಗಳಿಂದ 8ಕ್ಕೆ ಇಳಿದಾಗ, ಸ್ಪೈಡರ್ಸ್ ತಂಡವೇ ಇಲ್ಲವಾಯಿತು.

ನುರಿತ ಅಧ್ಯಾಪಕರನ್ನು ವರ್ಗಾಯಿಸಿ, ಫಲಿತಾಂಶ ಕುಸಿಯಿತೆಂದು ಶಾಲೆಯನ್ನೇ ಮುಚ್ಚಹೊರಡುವ ನ್ಯಾಯವೂ ಇಂಥದೇ. ವಾಚಕರೇ, ಸೋತವರನ್ನು ಹಳಿಯುವ ಮುನ್ನ, ಅವರ ಬಲವನ್ನು ಕಸಿದವರು ಯಾರೆಂದು ಕೇಳೋಣ.