ಪಥ್ಯವೆಂಬ ಉಪವಾಸ

ನಾನು ಬಾಣಂತಿಯಾಗಿದ್ದಾಗ ನೀರು ಕದ್ದು ಕುಡಿದಿದ್ದೇನೆ. 1979ರ ಬೇಸಿಗೆ, ತುಮಕೂರಿನ ಕಡೆಯ ನನ್ನ ತವರು, ಚೊಚ್ಚಲ ಹೆರಿಗೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಪಕ್ಕದಲ್ಲಿ ಕೆಂಡ. ದಿನಕ್ಕೆ ಎರಡು ಲೋಟ ಕಾದಾರಿದ ನೀರು, ಅಷ್ಟೆ. ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬುದು ಅಮ್ಮನ ಕಾನೂನು. ಹಾಲೂಡಿಸುವವಳ ದಾಹ ಎಂಥದೆಂದು ಹಾಲೂಡಿಸಿದವರಿಗೇ ಗೊತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲಿಗೆ ಹೋಗುವ ನೆವದಲ್ಲಿ ಎದ್ದು, ಹಂಡೆಯ ಹೊಗೆ ವಾಸನೆಯ ನೀರನ್ನು ಚೊಂಬಿನಲ್ಲಿ ಮೊಗೆದು ಗಟಗಟನೆ ಕುಡಿಯುತ್ತಿದ್ದೆ. ಹುಟ್ಟಿದ ಮನೆಯಲ್ಲಿ ನೀರಿಗಾಗಿ ಕಳ್ಳಿಯಾದದ್ದನ್ನು ನೆನೆದು ಆಮೇಲೆ ಎಷ್ಟೋ ಸಲ ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ.

ಊಟವೂ ಹಾಗೆಯೇ. ಎರಡು ಹೊತ್ತು ಹಳೆ ಅಕ್ಕಿಯ ಅನ್ನ, ಮೆಣಸಿನ ಸಾರು, ಒಂದು ಮಿಳ್ಳೆ ತುಪ್ಪ, ಸುಟ್ಟ ಬೆಳ್ಳುಳ್ಳಿ. ಬೇಳೆ ವಾಯು. ತರಕಾರಿ ನಂಜು. ಮೊಸರು ಶೀತ. ಮುದ್ದೆ ಮಂದ. ಬಾಳೆಹಣ್ಣು ತಿಂದರೆ ಮಗುವಿಗೆ ನೆಗಡಿ, ಸೊಪ್ಪು ತಿಂದರೆ ಮಗುವಿಗೆ ಭೇದಿ. ಒಂದೊಂದನ್ನೇ ಹೊಡೆದು ಹಾಕುತ್ತ ಹೋದರೆ ಕೊನೆಗೆ ಉಳಿಯುತ್ತಿದ್ದುದು ಅನ್ನ, ಖಾರ ಮತ್ತು ಅಮ್ಮನ ಪ್ರೀತಿ. ಆ ಪ್ರೀತಿಯ ಬಗ್ಗೆ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ನನ್ನ ತಕರಾರು ಆ ಪಟ್ಟಿಯ ಮೇಲೆ.

ತಕರಾರು ಹುಟ್ಟಿದ್ದು 2022ರಲ್ಲಿ. ನನ್ನ ತಂಗಿಯ ಮಗಳು ಹೆತ್ತು ಮೂರು ತಿಂಗಳಾಗಿತ್ತು. ಮಗು ಗುಂಡುಗುಂಡಗೆ, ನೋಡಿದವರ ದೃಷ್ಟಿ ತಾಗುವ ಹಾಗಿತ್ತು. ಬರೀ ಎದೆಹಾಲು, ಬಾಟಲಿ ಮುಟ್ಟಿಸಿರಲಿಲ್ಲ. ಒಂದು ದಿನ ಹಾಲು ಬೇಡವೆಂದು ಮುಖ ತಿರುಗಿಸಿತು. ಸಂಜೆಯ ಹೊತ್ತಿಗೆ ಅಳತೊಡಗಿತು, ಆದರೆ ದನಿ ಇಲ್ಲ. ಬಾಯಿ ತೆರೆದಿದೆ, ಮುಖ ಕೆಂಪಾಗಿದೆ, ಗಂಟಲಿನಿಂದ ಗೊರಗೊರ ಮಾತ್ರ. ನಡುರಾತ್ರಿಯಲ್ಲಿ ಪಕ್ಕೆ ಸೆಳೆಯತೊಡಗಿತು. ದೃಷ್ಟಿ ತೆಗೆದದ್ದಾಯಿತು, ಬಜೆ ತೇದದ್ದಾಯಿತು. ಬೆಳಗಿನ ಜಾವ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೊತ್ತುಕೊಂಡು ಓಡಿದೆವು. ಹೃದಯ ದೊಡ್ಡದಾಗಿದೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತವಾಗಿದೆ ಎಂದರು. ತಂಗಿ ಅಲ್ಲೇ ನೆಲದ ಮೇಲೆ ಕುಸಿದಳು.

ಆಗ ಬಂದ ವೈದ್ಯೆಗೆ ಮೂವತ್ತೈದು ವರ್ಷ ಇರಬಹುದು. ಮಗುವನ್ನು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ ಕೇಳಿದ ಮೊದಲ ಪ್ರಶ್ನೆ: “ತಾಯಿ ಏನು ಊಟ ಮಾಡ್ತಿದಾರೆ?”

ನಮಗೆ ಅರ್ಥವಾಗಲಿಲ್ಲ. ಹೃದಯ ಮಗುವಿನದು, ಊಟ ತಾಯಿಯದು. ತಂಗಿ ಅಭಿಮಾನದಿಂದಲೇ ಹೇಳಿದಳು: “ಕಟ್ಟುನಿಟ್ಟು ಪಥ್ಯ ಡಾಕ್ಟ್ರೇ. ಅನ್ನ, ಮೆಣಸಿನ ಸಾರು ಬಿಟ್ಟು ಬೇರೆ ಏನೂ ಕೊಟ್ಟಿಲ್ಲ.” ವೈದ್ಯೆ ತಲೆಯಾಡಿಸಿ ದಾದಿಗೆ ಒಂದು ಇಂಜೆಕ್ಷನ್ ಹೇಳಿದರು. ಮಾರನೆಯ ದಿನ ಮಗು ಹಾಲು ಕುಡಿಯಿತು. ಮೂರನೆಯ ದಿನ ದನಿ ಬಂತು. ಆ ಕರ್ಕಶ ಅಳುವಿನಷ್ಟು ಇಂಪಾದ ಸಂಗೀತವನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಕೊಟ್ಟದ್ದು ಯಾವ ಅಮೃತ? ಥಯಮಿನ್. ಶಾಲೆಯಲ್ಲಿ ಬಿ-1 ಜೀವಸತ್ವ ಎಂದು ಬಾಯಿಪಾಠ ಮಾಡುತ್ತಿದ್ದೆವಲ್ಲ, ಅದೇ. ತೀರ ಅಗ್ಗದ ಔಷಧಿ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ತಂಗಿ ಅಂದಳು: “ಅಕ್ಕ, ಅಮ್ಮ ನಿನಗೆ ಮಾಡಿದ್ದನ್ನೇ ನಾನು ನನ್ನ ಮಗಳಿಗೆ ಮಾಡಿದೆ. ನಿನ್ನ ಮಗನಿಗೆ ಯಾಕೆ ಏನೂ ಆಗಲಿಲ್ಲ?”

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವಳಿಗೆ ಸಿಕ್ಕಿದ್ದನ್ನು ಇಲ್ಲಿ ಹೇಳುತ್ತೇನೆ.

ಅಕ್ಕಿಯ ಥಯಮಿನ್ನಿನ ಬಹುಪಾಲು ಇರುವುದು ತೌಡಿನಲ್ಲಿ ಮತ್ತು ಮೊಳಕೆಯ ಕಣ್ಣಿನಲ್ಲಿ. ಅಕ್ಕಿಯನ್ನು ಬೆಳ್ಳಗೆ ಪಾಲಿಷ್ ಮಾಡಿದಷ್ಟೂ ಅದು ಹೋಗುತ್ತದೆ. ಉಳಿದದ್ದು ತೊಳೆದ ನೀರಿನಲ್ಲಿ, ಬಸಿದ ಗಂಜಿಯಲ್ಲಿ ಹೋಗುತ್ತದೆ. ದೇಹ ಇದನ್ನು ಕೂಡಿಟ್ಟುಕೊಳ್ಳುವುದು ಎರಡು ಮೂರು ವಾರಕ್ಕಾಗುವಷ್ಟು ಮಾತ್ರ. ತಾಯಿಯ ಊಟದಲ್ಲಿ ಇಲ್ಲವಾದರೆ ಅವಳ ಹಾಲಿನಲ್ಲೂ ಇಲ್ಲ. ಹಾಲು ಧಾರಾಳವಾಗಿರುತ್ತದೆ, ಮಗು ಮೈ ತುಂಬಿಕೊಳ್ಳುತ್ತದೆ, ತಾಯಿಗೆ ಹೆಚ್ಚೆಂದರೆ ಕಾಲು ಜೋಮು ಹಿಡಿದಂತಾಗುತ್ತದೆ. ಮಗುವಿಗೆ ಎರಡು ಮೂರು ತಿಂಗಳಾಗುವ ಹೊತ್ತಿಗೆ ಇದ್ದಕ್ಕಿದ್ದಂತೆ ಹೃದಯ ಸೋಲುತ್ತದೆ. ಇದರ ಹೆಸರು ಬೆರಿಬೆರಿ.

ಇದು ಹೊಸ ಸಂಗತಿಯಲ್ಲ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯ, ಪಾಲಿಷ್ ಅಕ್ಕಿಯ ಅನ್ನ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡಿರುವ ಅಕ್ಕಿ ಹಾಕಿದಾಗ ಅವು ಚೇತರಿಸಿಕೊಳ್ಳುವುದನ್ನೂ ಕಂಡ. 1929ರಲ್ಲಿ ಆತನಿಗೆ ನೊಬೆಲ್ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮನಿಲಾದ ವೈದ್ಯರು ಬೆರಿಬೆರಿಯಾದ ಹಸುಗೂಸುಗಳಿಗೆ ತೌಡಿನ ಸಾರ ಕುಡಿಸಿ ಬದುಕಿಸಿದ್ದರು. ಪಠ್ಯಪುಸ್ತಕಗಳಲ್ಲಿ ಇದು ಹಳೆಯ ಕಾಲದ ಕಾಯಿಲೆ. ಆದರೆ ನಮ್ಮ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು, ಬರೀ ಎದೆಹಾಲು ಕುಡಿಯುವ ಕೂಸುಗಳು ಹೀಗೆ ಉಸಿರು ಕಟ್ಟಿ ಬರುವುದನ್ನೂ ಥಯಮಿನ್ ಕೊಟ್ಟರೆ ಒಂದೆರಡು ದಿನದಲ್ಲಿ ಗೆಲುವಾಗುವುದನ್ನೂ ಕಂಡು 2021ರಲ್ಲಿ ಅಧ್ಯಯನವನ್ನೇ ಪ್ರಕಟಿಸಿದ್ದಾರೆ. ಆ ತಾಯಂದಿರು ತಿನ್ನುತ್ತಿದ್ದುದೇನು? ಪಾಲಿಷ್ ಅಕ್ಕಿಯ ಅನ್ನ ಮತ್ತು ಪಥ್ಯ. ಕೋಳಿಗೆ ತಿಳಿದದ್ದು ನಮಗೆ ತಿಳಿಯಲು ನೂರಿಪ್ಪತ್ತು ವರ್ಷ ಸಾಲಲಿಲ್ಲ.

ಇನ್ನು ತಂಗಿಯ ಪ್ರಶ್ನೆ. 1979ರಲ್ಲಿ ನಮ್ಮ ಮನೆಯ ಅಕ್ಕಿ ಊರಿನ ಹಲ್ಲರಿನಲ್ಲಿ ಒಂದು ಸುತ್ತು ಬಿಟ್ಟದ್ದು. ಕೆಂಪು ಗೆರೆ ಅಲ್ಲಲ್ಲಿ ಉಳಿದಿರುತ್ತಿತ್ತು. ಅದಕ್ಕೂ ಹಿಂದೆ ಅಜ್ಜಿಯ ಕಾಲದಲ್ಲಿ ಒನಕೆಯಲ್ಲಿ ಕುಟ್ಟಿದ ಅಕ್ಕಿ. ಕರಾವಳಿಯವರದು ಕುಚ್ಚಲಕ್ಕಿ, ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಜೊತೆಗೆ ಪಕ್ಕದ ಮನೆಯ ಅಜ್ಜಿ ನನ್ನ ಅಮ್ಮನ ಕಣ್ಣು ತಪ್ಪಿಸಿ ಸಬ್ಬಸಿಗೆ ಸೊಪ್ಪಿನ ಪಲ್ಯ ತಂದು ತಿನ್ನಿಸುತ್ತಿದ್ದಳು. ಹಳೆಯ ಪಥ್ಯ ಹೇಗೋ ಸಾಗುತ್ತಿದ್ದುದು ಈ ಅಕ್ಕಿಯ ಬಲದಿಂದ, ಇಂಥ ಕಳ್ಳ ಊಟಗಳಿಂದ ಎಂದು ನನ್ನ ತರ್ಕ. ಆಮೇಲೆ ದೊಡ್ಡ ಮಿಲ್ಲು ಬಂತು. ಮಲ್ಲಿಗೆಯಂಥ ಅಕ್ಕಿಯೇ ಮರ್ಯಾದಸ್ಥರ ಅಕ್ಕಿಯಾಯಿತು. ಅಕ್ಕಿ ಬದಲಾಯಿತು, ಪಟ್ಟಿ ಬದಲಾಗಲಿಲ್ಲ. ‘ತಿನ್ನಬಾರದು’ಗಳನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡು ಅದಕ್ಕೆ ಸಂಪ್ರದಾಯ ಎಂದು ಹೆಸರಿಟ್ಟೆವು. ಇದು ಅಜ್ಜಿಯ ಪಥ್ಯವೇ ಅಲ್ಲ. ಅಜ್ಜಿಯ ಹೆಸರಿನಲ್ಲಿ ನಾವು ಮಾಡಿಸುತ್ತಿರುವ ಉಪವಾಸ.

ಮತ್ತು ಆ ತೌಡು ಎಲ್ಲಿಗೆ ಹೋಯಿತು? ಹಸುವಿನ ಬಾನಿಗೆ! ಕರು ಹಾಕಿದ ಹಸುವಿಗೆ ನಮ್ಮ ರೈತರು ಏನು ಕೊಡುತ್ತಾರೆ ನೋಡಿ. ತೌಡು, ಹಿಂಡಿ, ಬೂಸಾ, ಬೇಯಿಸಿದ ಹುರುಳಿ, ಹಸಿ ಹುಲ್ಲು, ಬಾನಿ ತುಂಬ ಕಲಗಚ್ಚು. ಹಸು ಕುಡಿದಷ್ಟೂ ನೀರು. ಹಾಲು ಬೇಕಾದರೆ ಮೇವು ಹಾಕಬೇಕೆಂದು ಗೊತ್ತಿಲ್ಲದ ರೈತನಿಲ್ಲ. ಕರು ಹಾಕಿದ ಹಸುವಿಗೆ ಪಥ್ಯ ಮಾಡಿಸುವ ಮೂರ್ಖನನ್ನು ನಾನು ಕಂಡಿಲ್ಲ. ಕೊಟ್ಟಿಗೆಯಲ್ಲಿ ಇಷ್ಟು ಜಾಣರಾದ ನಾವು ನಡುಮನೆಗೆ ಬಂದ ಕೂಡಲೇ ಯಾಕೆ ಹೀಗಾಗುತ್ತೇವೆ?

ಗಿಣ್ಣಿನ ಕತೆಯೂ ಇದೇ. ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಸಿ, ನೆರೆಮನೆಗೂ ಹಂಚಿ ತಿನ್ನುತ್ತೇವೆ. ಹೆತ್ತ ತಾಯಿಯ ಅದೇ ಹಳದಿ ಮೊದಲ ಹಾಲನ್ನು ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲಿಸಿ, ಕೂಸಿನ ಬಾಯಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಒರೆಸಿದ ಮನೆಗಳು ಎಷ್ಟು! ರೋಗ ತಡೆಯುವ ಶಕ್ತಿಯನ್ನು ತಾಯಿ ಮಗುವಿಗೆ ಧಾರೆ ಎರೆಯುವುದು ಆ ಕೆಲವು ಚಮಚ ಹಾಲಿನಲ್ಲಿ.

ಇಲ್ಲಿ ನನ್ನ ಓದಿದ ಗೆಳೆಯರು ತಲೆಯಾಡಿಸುತ್ತಾರೆ: “ಎಲ್ಲ ಅಜ್ಜಿಯರ ಅಜ್ಞಾನ.” ಈ ಮಾತನ್ನು ನಾನು ಒಪ್ಪುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 88.6 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ನೂರಕ್ಕೆ 41.8 ಮಕ್ಕಳಿಗೆ ಮಾತ್ರ. ಆ ಒಂದು ಗಂಟೆ ಮಗು ಇದ್ದದ್ದು ಯಾರ ಸುಪರ್ದಿನಲ್ಲಿ? ಅಜ್ಜಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ. ಮನೆಗೆ ಕಳಿಸುವಾಗ ಇಂಗ್ಲಿಷಿನಲ್ಲಿ ಬರೆದ ಚೀಟಿ ಕೊಟ್ಟು “ಪೌಷ್ಟಿಕ ಆಹಾರ ಕೊಡಿ” ಎನ್ನುತ್ತಾರೆ. ಪೌಷ್ಟಿಕ ಆಹಾರ ಎಂದರೆ ನಮ್ಮ ಜನಕ್ಕೆ ಗೋಡೆಯ ಚಿತ್ರದಲ್ಲಿರುವ ಸೇಬು, ದ್ರಾಕ್ಷಿ. “ತೊಗರಿಬೇಳೆ ತೊವ್ವೆ ಕೊಡಿ, ಸೊಪ್ಪು ಕೊಡಿ, ಮುದ್ದೆ ಕೊಡಿ, ಮಗುವಿಗೆ ಮಂದ ಆಗುವುದಿಲ್ಲ” ಎಂದು ಅಜ್ಜಿಯನ್ನೇ ಒಳಗೆ ಕರೆದು ಹೇಳಲು ಎಷ್ಟು ನಿಮಿಷ ಬೇಕು?

ಸರ್ಕಾರ ಏನೂ ಮಾಡಿಲ್ಲವೆನ್ನಲಾರೆ. 2017ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಮಾತೃಪೂರ್ಣ ಯೋಜನೆ ಆರಂಭವಾಯಿತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ, ಮೊಟ್ಟೆ, ಹಾಲು. ಮನೆಗೆ ಕೊಟ್ಟರೆ ಎಲ್ಲರೂ ಹಂಚಿಕೊಂಡು ಅವಳ ತಟ್ಟೆಗೆ ಕೊನೆಯದು ಬೀಳುತ್ತದೆಂದು ಬಲ್ಲವರು ಮಾಡಿದ ಯೋಚನೆ ಇದು. ಆದರೆ ಹೊಸ್ತಿಲು ದಾಟಬಾರದ ಹಸಿ ಬಾಣಂತಿ ಅಂಗನವಾಡಿಗೆ ನಡೆದು ಬರುವುದು ಹೇಗೆಂದು ಯೋಚಿಸಿದವರು ಕಡಿಮೆ.

ಊರಿನಲ್ಲಿ ನನಗೆ ಸಿಗುವ ಇನ್ನೊಂದು ಉತ್ತರ: “ನಾವೆಲ್ಲ ಹೀಗೇ ಹೆತ್ತಿಲ್ಲವೇ? ನಮ್ಮ ಮಕ್ಕಳು ಬದುಕಿಲ್ಲವೇ?” ಬದುಕಿದವು. ಸತ್ತವು ಬಂದು ವಾದ ಮಾಡುವುದಿಲ್ಲ. 1971ರಲ್ಲಿ ಈ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿದಿತ್ತು. ನಮ್ಮ ಅಜ್ಜಿಯರನ್ನು ಎಷ್ಟು ಹೆತ್ತಿರೆಂದು ಕೇಳಿದರೆ “ಹೆತ್ತದ್ದು ಒಂಬತ್ತು, ಉಳಿದದ್ದು ಐದು” ಎಂದು ಎರಡು ಲೆಕ್ಕ ಹೇಳುತ್ತಿದ್ದರು. ಆ ಎರಡು ಲೆಕ್ಕದ ನಡುವಿನ ನಾಲ್ಕು ನಮಗೆ ಮರೆತುಹೋಗಿದೆ.

ಉಳಿದವರ ಮೇಲೂ ತಾಯಿಯ ಹಸಿವಿನ ಲೆಕ್ಕ ಇರುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಚೆನ್ನಾಗಿ ತೂಗಿ ಹುಟ್ಟಿದವರಲ್ಲಿ ನೂರಕ್ಕೆ 3. ಕೂಸೂ ಸಣ್ಣದು, ಬಸುರಿಯಲ್ಲಿ ತಾಯಿಯೂ 45 ಕಿಲೋ ಮುಟ್ಟಿರಲಿಲ್ಲ ಎಂಬವರಲ್ಲಿ ನೂರಕ್ಕೆ 20. “ಕಮ್ಮಿ ತಿನ್ನಮ್ಮ, ಮಗು ಸಣ್ಣದಿದ್ದರೆ ಹೆರಿಗೆ ಸಲೀಸು” ಎಂದು ಬಸುರಿಗೆ ಬುದ್ಧಿ ಹೇಳುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಸೀಮಂತದ ದಿನ ಐದು ಬಗೆಯ ಅನ್ನ ಬಡಿಸಿ ಫೋಟೋ ತೆಗೆಸಿ, ಮಾರನೆಯ ದಿನದಿಂದ ಮತ್ತೆ ಕೊನೆಯ ಪಂಕ್ತಿಗೆ ಕೂರಿಸಿದರೆ ಆ ಶಾಸ್ತ್ರ ಯಾರ ಸಂತೋಷಕ್ಕೆ?

ಬಾಣಂತನವನ್ನೇ ಎತ್ತಿಹಾಕಿ ಎಂದು ನಾನು ಹೇಳುತ್ತಿಲ್ಲ. ತವರಿನ ನಲವತ್ತು ದಿನದ ವಿಶ್ರಾಂತಿ, ಎಣ್ಣೆ ನೀರು, ಅಂಟಿನುಂಡೆ, ಕೊಬ್ಬರಿ, ಸಬ್ಬಸಿಗೆ ಎಲ್ಲ ಇರಲಿ. ಮೆಣಸಿನ ಸಾರೂ ಇರಲಿ. ಅದರ ಪಕ್ಕದಲ್ಲಿ ಬೇಳೆ, ಕಾಳು, ಸೊಪ್ಪು, ತರಕಾರಿ, ಮುದ್ದೆ ಬೀಳಲಿ. ತಿನ್ನುವವರಿಗೆ ಮೊಟ್ಟೆ, ಮೀನು. ಬಾಯಾರಿದಷ್ಟೂ ನೀರು. ಈ ಲೇಖನ ಓದಿ ಎದೆಹಾಲಿನಲ್ಲೇ ದೋಷವೆಂದು ಯಾರಾದರೂ ಡಬ್ಬಿ ಹಾಲಿಗೆ ಓಡಿದರೆ ನನ್ನ ಶ್ರಮ ವ್ಯರ್ಥ. ಹಾಲು ಬಿಡಿಸಬೇಡಿ, ತಾಯಿಗೆ ಊಟ ಹಾಕಿ.

ನಾನು ಬೈಯುತ್ತಿರುವುದು ಬೇರೆ ಯಾರನ್ನೋ ಅಲ್ಲ. ಈಗ ನಾವೇ ಅಜ್ಜಿಯರು. ಬಾಣಂತಿ ಕೋಣೆಯ ಬೀಗದ ಕೈ ನಮ್ಮ ಸೊಂಟದಲ್ಲಿದೆ. ನೀರು ಕದ್ದು ಕುಡಿದವರೇ ಇಂದು ಸೊಸೆಗೆ, ಮಗಳಿಗೆ ಲೋಟ ಎಣಿಸಿ ಕೊಡುತ್ತಿದ್ದೇವೆ.

2024ರಲ್ಲಿ ತಂಗಿಯ ಮಗಳು ಎರಡನೆಯದನ್ನು ಹೆತ್ತಳು. ನೋಡಲು ಹೋದಾಗ ತಂಗಿ ತಟ್ಟೆ ಹಿಡಿದು ಕೋಣೆಗೆ ಹೋಗುತ್ತಿದ್ದಳು. ಅನ್ನ, ಗಟ್ಟಿ ತೊವ್ವೆ, ಹರಿವೆ ಸೊಪ್ಪಿನ ಪಲ್ಯ. ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು: “ಅಕ್ಕ, ಮಂದ ಆಗಲ್ಲ ತಾನೆ?” ಅಳುಕು ಇನ್ನೂ ಹೋಗಿರಲಿಲ್ಲ. ಆದರೂ ಬಡಿಸಿದ್ದಳು. ಒಳಗಿನಿಂದ ಹುಡುಗಿ ಕೂಗಿದಳು: “ದೊಡ್ಡಮ್ಮ, ಬರುವಾಗ ನೀರಿನ ಚೊಂಬನ್ನೂ ತನ್ನಿ.” ತುಂಬಿಸಿಕೊಂಡು ಹೋದೆ.