ಲಿವರ್ ರಿಪೋರ್ಟು ಮತ್ತು ಊರ ಬಾಯಿ

ದೀಪಾವಳಿಗೆ ಹೆಬಳೆಗೆ ಹೋದಾಗ ಚಿಕ್ಕಮ್ಮ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಕೇಳಿದಳು, "ಇವ್ರು ಗುಟ್ಟಲ್ಲಿ ಕುಡೀತಾರಾ ಮಾರಾಯ? ಕೇರಿಯವರೆಲ್ಲ ಅದನ್ನೇ ಕೇಳ್ತಿದಾರೆ..." ಕೈಯಲ್ಲಿ ಚಿಕ್ಕಪ್ಪನ ರಕ್ತಪರೀಕ್ಷೆಯ ರಿಪೋರ್ಟು. ಎಸ್‌ಜಿಪಿಟಿ 96, ಎಸ್‌ಜಿಒಟಿ 58. ಜನ್ಮದಲ್ಲಿ ಹೆಂಡ ಮುಟ್ಟದ ಮನುಷ್ಯ, ಯಾರ ಹತ್ತಿರವೂ ಮಾತಾಡದೆ ಜಗಲಿಯಲ್ಲಿ ಕೂತಿದ್ದರು.

ಲಿವರ್ ಅಂದ್ರೆ ಕುಡಿತ ಅನ್ನೋ ಈ ಲೆಕ್ಕವನ್ನು ನಾವು ಬಿಡಬೇಕು.

ಇವೆರಡೂ ಲಿವರಿನ ಜೀವಕೋಶಗಳೊಳಗಿರುವ ಕಿಣ್ವಗಳು. ಕೋಶಕ್ಕೆ ಪೆಟ್ಟಾದರೆ ಸೋರಿ ರಕ್ತಕ್ಕೆ ಬರುತ್ತವೆ. ಮಿತಿ ಸುಮಾರು 40, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಬೇರೆ. ದೋಣಿಯೊಳಗೆ ನೀರು ಕಂಡ ಹಾಗೆ ಇದು. ತೂತಾಗಿದೆ ಅಂತ ಗೊತ್ತಾಗುತ್ತೆ, ಹೇಗಾಯ್ತು ಅಂತ ಅಲ್ಲ. ಎಸ್‌ಜಿಒಟಿ ಸ್ನಾಯುಗಳಲ್ಲೂ ಇರುವುದರಿಂದ ಮೈಮುರಿದು ದುಡಿದರೂ ಏರಬಹುದು.

ಕಾರಣಗಳು ಹಲವು. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್. ಹೆಪಟೈಟಿಸ್ ಬಿ, ಸಿ. ಕೆಟ್ಟ ನೀರಿನಿಂದ ಬರುವ ಎ, ಇ. ಆಗ ಅಂಕಿ ಸಾವಿರ ದಾಟುವುದೂ ಉಂಟು. ನಮ್ಮ ಕಡೆಯ ಮಂಗನ ಕಾಯಿಲೆ, ಇಲಿಜ್ವರ. ಕ್ಷಯದ ಮಾತ್ರೆ, ಅತಿಯಾದ ಪ್ಯಾರಸಿಟಮಾಲ್, ಏನಿದೆಯೆಂದೇ ಗೊತ್ತಿಲ್ಲದ ಪುಡಿಗಳು. ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಲಿವರ್ ತೊಂದರೆಯಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಕುಡಿತವೂ ಕಾರಣವೇ, ಆದರೆ ಅದರಲ್ಲಿ ಸಾಮಾನ್ಯವಾಗಿ ಎಸ್‌ಜಿಒಟಿಯೇ ಮೇಲಿರುತ್ತೆ. ಚಿಕ್ಕಪ್ಪನದು ಉಲ್ಟಾ.

ಭಟ್ಕಳದಲ್ಲಿ ಡಾಕ್ಟರು "ಬೇರೆ ಏನಾದ್ರೂ ಔಷಧಿ ತಗೋತೀರಾ?" ಅಂತ ಕೇಳಿದಾಗ ಚಿಕ್ಕಪ್ಪ ಇಲ್ಲ ಅಂದರು. ಮನೆಯ ಕಪಾಟಿನಲ್ಲಿ ಶುಗರಿಗೆಂದು ತರಿಸಿದ ಹೆಸರಿಲ್ಲದ ಪುಡಿಯ ಡಬ್ಬಿಯಿತ್ತು. ಬೈತಾರೆ ಅಂತ ಹೇಳಿರಲಿಲ್ಲವಂತೆ! ಮರುದಿನ ಡಬ್ಬಿ ಹಿಡಿದು ನಾನೇ ಹೋದೆ. ಡಾಕ್ಟರು ಬೈಯಲಿಲ್ಲ. ಪುಡಿ ನಿಲ್ಲಿಸಿದರು, ಬಿ, ಸಿ ಪರೀಕ್ಷೆ ಮಾಡಿಸಿದರು, ಎರಡೂ ಇರಲಿಲ್ಲ. ಸ್ಕ್ಯಾನಿನಲ್ಲಿ ಕೊಬ್ಬು ಕಂಡಿತು. ಅನ್ನ ಕಮ್ಮಿ, ನಡಿಗೆ ಜಾಸ್ತಿ. ಆರು ವಾರಕ್ಕೆ 96 ಇದ್ದದ್ದು 61. ಇಳಿದದ್ದು ಪುಡಿ ಬಿಟ್ಟದ್ದಕ್ಕೋ ನಡೆದದ್ದಕ್ಕೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ.

ಊರ ಬಾಯಿಗೆ ಹೆದರಿ ಚಿಕ್ಕಪ್ಪ ರಿಪೋರ್ಟನ್ನೇ ಮುಚ್ಚಿಟ್ಟಿದ್ದರೆ? ನನ್ನ ಸಿಟ್ಟು ಇರುವುದು ಅಲ್ಲಿ. ಆ ಅಂಕಿಯಿಂದ ಮನುಷ್ಯನ ನಡತೆ ಅಳೆಯುವುದು ಬೇಡ. ಹಾಗೇ, ಅಂಕಿ ಸರಿಯಿದೆ ಅಂದಮಾತ್ರಕ್ಕೆ ಲಿವರ್ ಸರಿಯಿದೆ ಅಂತಲೂ ಅಲ್ಲ.

ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನಮ್ಮಂಥವರಿಗೂ ಈ ಮಾತು ಅನ್ವಯಿಸುತ್ತೆ. ನಿಮ್ಮನೆ ಕಪಾಟಿನಲ್ಲಿ ಯಾವ ಡಬ್ಬಿ ಇದೆ, ಒಮ್ಮೆ ನೋಡಿ. ಡಾಕ್ಟರಿಗೂ ಹೇಳಿ.